ಮೀನಿನ ನಡೆ ಮತ್ತು ಪರೋಪಜೀವಿ: ಕಲ್ಯಾಣ ಪರಿಸರದ ಜಲಜಾನಪದಕ್ಕೊಂದು ಟಿಪ್ಪಣಿ

ಬಸವಕಲ್ಯಾಣ ಮತ್ತು ಹುಮನಾಬಾದ ತಾಲೂಕುಗಳ ಜಾನಪದವನ್ನು ಕುರಿತ ಬರಹಗಳು ಹೆಚ್ಚಾಗಿ ಶರಣ ಸ್ಮಾರಕ, ಜಾತ್ರೆ, ಹಾಡುಗಳ ಸುತ್ತ ಬೆಳೆದಿವೆ. ಅಂಬಿಗರ ಚೌಡಯ್ಯನ ಕಾಯಕವನ್ನು ಗೌರವದಿಂದ ನೆನೆಯುವ ನಾವು, ನೀರನ್ನು ನಂಬಿ ಬದುಕಿದ ಕೋಲಿ, ಕಬ್ಬಲಿಗ ಸಮುದಾಯಗಳು ನೀರನ್ನು ಓದುವ ಬಗೆಯನ್ನು ದಾಖಲಿಸಿದ್ದು ತೀರ ಕಡಿಮೆ. ತ್ರಿಪುರಾಂತ ಕೆರೆ, ಚುಳಕಿನಾಲಾ, ಮುಲ್ಲಾಮಾರಿ, ಕಾರಂಜಾ ಜಲಾಶಯಗಳ ದಂಡೆಯಲ್ಲಿ ಕ್ಷೇತ್ರಕಾರ್ಯ ಕೈಗೊಳ್ಳುವವರು ಮೀನಿನ ನಡೆಯನ್ನೂ ಗಮನಿಸುವ ಅಗತ್ಯವಿದೆ. ಆ ನಡೆಯನ್ನು ಪರೋಪಜೀವಿಗಳು ಹೇಗೆ ಬದಲಿಸುತ್ತವೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮೀನು ಮೇಲಕ್ಕೆ ಬರುವುದಕ್ಕೆ ಕಾರಣ ಒಂದೇ ಅಲ್ಲ. ಬೇಸಿಗೆಯ ನಸುಕಿನಲ್ಲಿ ನೀರಿನೊಳಗಿನ ಆಮ್ಲಜನಕ ಕುಗ್ಗಿದಾಗ ಹಿಂಡು ಹಿಂಡಾಗಿ ಮೀನುಗಳು ಬಾಯಿ ತೆರೆದು ಮೇಲ್ಮೈಗೆ ಬರುತ್ತವೆ, ಹೊತ್ತೇರಿದಂತೆ ಕೆಳಗಿಳಿಯುತ್ತವೆ. ಲಿಗ್ಯುಲಾ ಎಂಬ ಲಾಡಿಹುಳುವಿನ ಸಂಗತಿ ಬೇರೆ. ಇದರ ಮರಿ ಮೊದಲು ಸೈಕ್ಲಾಪ್ಸ್ ಜಾತಿಯ ಸೂಕ್ಷ್ಮ ಜೀವಿಯನ್ನು, ಅದನ್ನು ತಿಂದ ಗೆಂಡೆ ಕುಲದ ಮೀನನ್ನು, ಕೊನೆಗೆ ಮೀನು ತಿನ್ನುವ ಹಕ್ಕಿಯನ್ನು ಸೇರುತ್ತದೆ. ಮೀನಿನ ಹೊಟ್ಟೆಯಲ್ಲಿ ಬಿಳಿ ಪಟ್ಟಿಯಂತೆ ಬೆಳೆದು, ಅದರ ಸಂತಾನಶಕ್ತಿಯನ್ನು ಕುಂದಿಸುತ್ತದೆ. ಹೊಟ್ಟೆ ಉಬ್ಬಿದ ಅಂಥ ಮೀನು ಮೇಲ್ಮೈಗೂ ದಂಡೆಗೂ ಹತ್ತಿರ ಸುಳಿದಾಡುತ್ತದೆ; ಕೊಕ್ಕಿಗೆ ಎಟಕುವ ಜಾಗವೂ ಅದೇ.

ಇದು ಹುಳುವಿನ ಹೂಟವೋ, ಬರಿಯ ರೋಗದ ಬಳಲಿಕೆಯೋ ಎಂಬುದು ವಿದ್ವಾಂಸರಲ್ಲಿ ಇಂದಿಗೂ ಚರ್ಚೆಯ ವಿಷಯ. ಈ ದೃಷ್ಟಿಯಿಂದ ಕಣ್ಣುಹುಳು ಎನ್ನಬಹುದಾದ ಡಿಪ್ಲೊಸ್ಟೋಮಮ್ ಹೆಚ್ಚು ಕುತೂಹಲಕರವಾದುದು. ಬಸವನಹುಳುವಿನಿಂದ ಹೊರಟು ಮೀನಿನ ಕಣ್ಣಿನ ಮಸೂರದಲ್ಲಿ ನೆಲೆಸುವ ಈ ಜೀವಿಯ ಕೊನೆಯ ಗುರಿಯೂ ಹಕ್ಕಿಯೇ. ಟ್ರೌಟ್ ಮೀನಿನ ಮೇಲಿನ ಪ್ರಯೋಗಗಳಲ್ಲಿ, ಹುಳು ಎಳೆಯದಾಗಿದ್ದಾಗ ಮೀನು ಚಲನೆ ತಗ್ಗಿಸಿ ಎಚ್ಚರದಿಂದಿದ್ದುದು ಕಂಡುಬಂದಿದೆ. ಹುಳು ಬಲಿತ ಮೇಲೆ ಅದೇ ಮೀನು ಎಚ್ಚರಗೇಡಿಯಾಗುತ್ತದೆ. ಬರಿಯ ಬಳಲಿಕೆಯಿಂದ ಇಂಥ ತಿರುವನ್ನು ವಿವರಿಸುವುದು ಕಷ್ಟ.

ಎಲ್ಲ ಬದಲಾವಣೆಯೂ ಹುಳುವಿನ ಲಾಭಕ್ಕೇ ಎಂದು ಭಾವಿಸುವಂತಿಲ್ಲ. ನಮ್ಮ ಕೆರೆಗಳಲ್ಲಿ ಸಾಕುವ ಕಟ್ಲಾ, ರೋಹು, ಮೃಗಾಲ ಮೀನುಗಳನ್ನು ಕಾಡುವ ಮೀನುಹೇನು, ಅಂದರೆ ಆರ್ಗ್ಯುಲಸ್, ಮೈಗೆ ಅಂಟಿಕೊಂಡು ರಕ್ತ ಹೀರುತ್ತದೆ. ಆಗ ಮೀನು ಕಲ್ಲು, ಕಂಬಗಳಿಗೆ ಮೈ ಉಜ್ಜುತ್ತದೆ, ನೀರಿನಿಂದ ಮೇಲಕ್ಕೆ ನೆಗೆಯುತ್ತದೆ. ಇದು ಮೀನಿನ ಸ್ವಂತ ರಕ್ಷಣೆ. ಹೇನಿನ ಕಾಟವಿರುವಲ್ಲಿ ಸ್ಟಿಕಲ್‌ಬ್ಯಾಕ್ ಮೀನುಗಳು ಹೆಚ್ಚು ಒತ್ತಾಗಿ ಗುಂಪುಗೂಡುವುದನ್ನು 1989ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ಮನುಷ್ಯನ ನಡೆಯನ್ನೂ ಹುಳು ತಿದ್ದಬಲ್ಲದು ಎಂಬುದಕ್ಕೆ ಉತ್ತರ ಕರ್ನಾಟಕದ ಹಿರಿಯರು ಕಂಡುಂಡ ನಾರುಹುಣ್ಣೇ ಸಾಕ್ಷಿ. ಸೈಕ್ಲಾಪ್ಸ್ ಇರುವ ನೀರನ್ನು ಕುಡಿದ ಸುಮಾರು ಒಂದು ವರ್ಷಕ್ಕೆ ಕಾಲಿನಲ್ಲಿ ಬೊಕ್ಕೆ ಎದ್ದು ಉರಿಯುತ್ತದೆ. ಉರಿ ತಾಳದೆ ರೋಗಿ ಮೆಟ್ಟಿಲುಬಾವಿಯ ನೀರಿಗೆ ಕಾಲಿಡುತ್ತಾನೆ. ಹುಳು ಅಲ್ಲಿಯೇ ಮರಿಗಳನ್ನು ಬಿಡುತ್ತದೆ. ಭಾರತದಲ್ಲಿ ಕೊನೆಯ ರೋಗಿ ಪತ್ತೆಯಾದುದು 1996ರಲ್ಲಿ, ರಾಜಸ್ಥಾನದಲ್ಲಿ; 2000ದಲ್ಲಿ ದೇಶ ರೋಗಮುಕ್ತವೆಂದು ಘೋಷಿತವಾಯಿತು. ಆದರೆ ಆಫ್ರಿಕಾದ ಚಾಡ್ ದೇಶದಲ್ಲಿ 2012ರಿಂದ ನಾಯಿಗಳಲ್ಲಿ ಈ ಹುಳು ಹೆಚ್ಚಾಗಿ ಕಾಣಿಸಿಕೊಂಡಿತು. ದಂಡೆಗೆ ಎಸೆದ ಹಸಿ ಮೀನಿನ ಕರುಳು ಅದಕ್ಕೆ ದಾರಿಯಾಗಿರಬಹುದೆಂದು ಸಂಶೋಧಕರು ಶಂಕಿಸಿ, ಅದನ್ನು ಹೂಳುವಂತೆ ಜನರಿಗೆ ತಿಳಿಹೇಳಲಾಯಿತು.

ಆದ್ದರಿಂದ ಬಲೆಗಾರರಿಂದ ಮಾಹಿತಿ ಪಡೆಯುವವರು 'ಮೀನಿಗೆ ಏನಾಗಿದೆ?' ಎಂದಷ್ಟೇ ಕೇಳಿದರೆ ಸಾಲದು. ಯಾವ ಹೊತ್ತಿನಲ್ಲಿ ಮೇಲೆ ಬಂತು, ಒಂಟಿಯೋ ಹಿಂಡೋ, ಬಿಸಿಲೇರಿದ ಮೇಲೆ ಕೆಳಗಿಳಿಯಿತೋ, ಮೈ ಉಜ್ಜುತ್ತಿತ್ತೋ, ಹತ್ತಿರ ಕೊಕ್ಕರೆ, ನೀರುಕಾಗೆಗಳಿದ್ದವೋ ಎಂಬುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಮೀನನ್ನು ಸೀಳಿದಾಗ ಬಿಳಿ ಪಟ್ಟಿ ಕಂಡರೆ ಅದಕ್ಕೆ ಅವರು ಕೊಡುವ ಹೆಸರನ್ನೂ, ಕರುಳನ್ನು ಎಲ್ಲಿ ಎಸೆಯುತ್ತಾರೆಂಬುದನ್ನೂ ಬಿಡದೆ ದಾಖಲಿಸಬೇಕು.