ಮಾರ್ಟಿನೆಲ್ಲಿಗೆ ಹೆದರಿ ಚಲನ್ ತೆರೆದವರು

ನಾಳೆ ವಾಟ್ಸ್‌ಆ್ಯಪ್‌ನಲ್ಲಿ 'ಮಾರ್ಟಿನೆಲ್ಲಿ' ಎಂಬ ವಿಡಿಯೊ ಬರಲಿದೆ, ತೆರೆದರೆ ಫೋನ್ ಹ್ಯಾಕ್ ಆಗುತ್ತದೆ, ಆಮೇಲೆ ಯಾರಿಂದಲೂ ಸರಿಪಡಿಸಲಾಗದು. ಈ ಎಚ್ಚರಿಕೆ ಒಮ್ಮೆಯೂ ಬಾರದ ಫ್ಯಾಮಿಲಿ ಗ್ರೂಪ್ ಹುಡುಕಿದರೂ ಸಿಗಲಿಕ್ಕಿಲ್ಲ. ಇದು ಸುಳ್ಳು ಎಂದು ಸ್ಪೇನ್‌ನ ಪೊಲೀಸರು 2017ರಲ್ಲೇ ಹೇಳಿಯಾಗಿದೆ. ಆದರೂ ಆ 'ನಾಳೆ' ಆಗಾಗ ಮರಳಿ ಬರುತ್ತಲೇ ಇರುತ್ತದೆ, ವಿಡಿಯೊ ಮಾತ್ರ ಈವರೆಗೆ ಪತ್ತೆಯಿಲ್ಲ. ಅದರ ಜೊತೆಗೆ 'ಡ್ಯಾನ್ಸ್ ಆಫ್ ದಿ ಪೋಪ್' ಎಂಬ ಇನ್ನೊಂದು ಗುಮ್ಮ. ಬಿಬಿಸಿ ರೇಡಿಯೊದಲ್ಲೇ ಹೇಳಿದರಂತೆ ಎಂಬ ಬಾಲಂಗೋಚಿ ಬೇರೆ.

ಇಂಥ ಸಂದೇಶ ಬರೆದವರ ಜಾಣ್ಮೆಯನ್ನು ಮೆಚ್ಚಬೇಕು. ಮಾರ್ಟಿನೆಲ್ಲಿ ಎಚ್ಚರಿಕೆಯ ಕೊನೆಯಲ್ಲಿ ಸಾಮಾನ್ಯವಾಗಿ 'ವಾಟ್ಸ್‌ಆ್ಯಪ್ ಗೋಲ್ಡ್'ಗೆ ಅಪ್‌ಡೇಟ್ ಆಗಬೇಡಿ ಎಂಬ ಸಾಲಿರುತ್ತದೆ. ಗೋಲ್ಡ್ ನಿಜವಾಗಿಯೂ ನಡೆದ ಮೋಸ. ಸೆಲೆಬ್ರಿಟಿಗಳಿಗೆ ಮಾತ್ರ ಸಿಗುವ ವಿಶೇಷ ಆವೃತ್ತಿ ಎಂದು ನಂಬಿಸಿ, ಕೊಂಡಿ ಒತ್ತಿದವರ ಫೋನಿಗೆ ಕುತಂತ್ರಾಂಶ ಇಳಿಸುವ ಪ್ರಯತ್ನ 2016ರಲ್ಲಿ ನಡೆದಿತ್ತು. ಸ್ವಲ್ಪ ಹುಡುಕಿ ನೋಡುವ ಅಭ್ಯಾಸ ಇರುವವರಿಗೆ ಗೋಲ್ಡ್ ವಿಷಯ ಖಚಿತವಾಗುತ್ತದೆ, ಅದೇ ಭರದಲ್ಲಿ ಮಾರ್ಟಿನೆಲ್ಲಿಯೂ ನಿಜವಾಗಿಬಿಡುತ್ತದೆ.

ಸುಳ್ಳಾದರೇನಂತೆ, ಹುಷಾರಾಗಿರಿ ಎಂದು ಹೇಳಿದರೆ ಯಾರಿಗೇನು ನಷ್ಟ? 2002ರ ಒಂದು ಪ್ರಸಂಗ ಇದಕ್ಕೆ ಉತ್ತರ ಕೊಡುತ್ತದೆ. 'ಜೆಡಿಬಿಜಿಎಂಜಿಆರ್ ಡಾಟ್ ಇಎಕ್ಸ್‌ಇ' ಎಂಬ ವೈರಸ್ ಮೆಸೆಂಜರ್ ಮೂಲಕ ತಾನಾಗಿಯೇ ಹರಡುತ್ತಿದೆ, ಹದಿನಾಲ್ಕು ದಿನ ಸದ್ದಿಲ್ಲದೆ ಕೂತು ಆಮೇಲೆ ಕಂಪ್ಯೂಟರನ್ನು ಕೆಡಿಸುತ್ತದೆ, ಆ್ಯಂಟಿವೈರಸ್‌ಗೂ ಸಿಗುವುದಿಲ್ಲ, ಹುಡುಕಿ ಅಳಿಸಿಬಿಡಿ ಎಂಬ ಮಿಂಚಂಚೆ ಜಗತ್ತೆಲ್ಲ ಸುತ್ತಿತು. ಜನ ಹುಡುಕಿದರು. ಫೈಲ್ ಇದ್ದೇ ಇತ್ತು! ಅದರ ಐಕಾನ್ ಒಂದು ಪುಟ್ಟ ಕರಡಿ. ಗಂಭೀರವಾದ ವಿಂಡೋಸ್‌ನಲ್ಲಿ ಕರಡಿಗೇನು ಕೆಲಸ ಎಂದು ಅನುಮಾನ ಗಟ್ಟಿಯಾಯಿತು. ಅಳಿಸಿದರು, ಅಳಿಸಿದ ಮೇಲೆ ಗೆಳೆಯರಿಗೂ ತಿಳಿಸಿದರು. ಅದು ಮೈಕ್ರೋಸಾಫ್ಟ್‌ನವರೇ ಜಾವಾ ಪ್ರೋಗ್ರಾಮರ್‌ಗಳಿಗಾಗಿ ವಿಂಡೋಸ್ ಜೊತೆ ಕೊಟ್ಟಿದ್ದ ಅಸಲಿ ಫೈಲ್. ಯಾವ ವೈರಸ್ಸೂ ಇಲ್ಲದೆ, ಬರೀ ಮಾತಿನಿಂದಲೇ, ಜನ ತಮ್ಮ ಕೈಯಾರೆ ತಮ್ಮ ಕಂಪ್ಯೂಟರಿನಿಂದ ಒಂದು ಫೈಲ್ ಕಿತ್ತು ಹಾಕಿದ್ದರು.

ಸುಳ್ಳು ಎಚ್ಚರಿಕೆಗಳಿಂದ ಆಗುವ ದೊಡ್ಡ ಹಾನಿ ಬೇರೆಯೇ ಇದೆ. ಅವು ಭಯವನ್ನು ತಪ್ಪು ಜಾಗದಲ್ಲಿ ನೆಡುತ್ತವೆ. ಸಂದೇಶ ಬರುವುದು, ಅದನ್ನು ನೋಡುವುದು, ಫೈಲ್ ಇಳಿಸಿಕೊಳ್ಳುವುದು, ಅದನ್ನು ತೆರೆಯುವುದು, ಆ್ಯಪ್ ಇನ್‌ಸ್ಟಾಲ್ ಮಾಡುವುದು, ಅದು ಕೇಳಿದ್ದಕ್ಕೆಲ್ಲ ಅನುಮತಿ ಕೊಡುವುದು – ಇವೆಲ್ಲ ಬೇರೆ ಬೇರೆ ಹೆಜ್ಜೆಗಳು. ಜನ ಹೆದರುವುದು ಮೊದಲಿನ ಎರಡಕ್ಕೆ. ಹಣ ಹೋಗುವುದು ಕೊನೆಯ ಎರಡರಲ್ಲಿ.

'ಶುಭೋದಯ' ಚಿತ್ರಗಳ ಕಥೆಯೂ ಹೀಗೇ. ಹೂವು, ಸೂರ್ಯೋದಯ, ದೇವರ ಚಿತ್ರಗಳೊಳಗೆ ಚೀನಾದ ಹ್ಯಾಕರ್‌ಗಳು ಕೋಡ್ ಅಡಗಿಸಿದ್ದಾರೆ, ಅದು ಬ್ಯಾಂಕ್ ವಿವರ ಕದಿಯುತ್ತದೆ, ಬಂದ ಚಿತ್ರಗಳನ್ನೆಲ್ಲ ಅಳಿಸಿ ಎಂಬ ಫಾರ್ವರ್ಡ್ ವರ್ಷಗಳಿಂದ ತಿರುಗುತ್ತಿದೆ. ಚಿತ್ರದ ಫೈಲಿನೊಳಗೆ ಗುಟ್ಟಾಗಿ ಮಾಹಿತಿ ಅಡಗಿಸಬಹುದು ಎಂಬುದೇನೋ ದಿಟ. ಆದರೆ ಅಡಗಿದ್ದು ತಾನಾಗಿ ಎದ್ದು ಕೆಲಸ ಮಾಡಲಾರದು. ಅದನ್ನು ಹೊರತೆಗೆದು ಓಡಿಸುವ ಇನ್ನೊಂದು ಪ್ರೋಗ್ರಾಂ ಫೋನಿನಲ್ಲಿ ಮೊದಲೇ ಇರಬೇಕು, ಇಲ್ಲವೇ ಚಿತ್ರ ತೋರಿಸುವ ಸಾಫ್ಟ್‌ವೇರ್‌ನಲ್ಲೇ ಲೋಪವಿರಬೇಕು. ಶುಭೋದಯ ಚಿತ್ರಗಳನ್ನು ನಿಲ್ಲಿಸಲು ಬೇರೆ ಸಾಕಷ್ಟು ಕಾರಣಗಳಿವೆ, ವೈರಸ್ಸಿನ ನೆಪ ಬೇಕಾಗಿಲ್ಲ.

ಹಾಗಾದರೆ ಏನನ್ನೂ ಒತ್ತದೆ ಫೋನ್ ಕೆಡುವುದು ಸಾಧ್ಯವೇ ಇಲ್ಲವೆ? ಇದೆ, ಅದನ್ನು ಮುಚ್ಚಿಟ್ಟರೆ ಇನ್ನೊಂದು ತಪ್ಪು ಕಲ್ಪನೆಯನ್ನು ಹುಟ್ಟುಹಾಕಿದಂತೆ. 2019ರಲ್ಲಿ ಇಸ್ರೇಲಿನ ಎನ್‌ಎಸ್‌ಒ ಕಂಪನಿಯ 'ಪೆಗಾಸಸ್' ಬೇಹುತಂತ್ರಾಂಶ ವಾಟ್ಸ್‌ಆ್ಯಪ್ ಕರೆಯ ಲೋಪವೊಂದನ್ನು ಬಳಸಿಕೊಂಡು ಫೋನ್‌ಗಳೊಳಗೆ ನುಸುಳಿತ್ತು. ಕರೆಗೆ ಉತ್ತರಿಸುವುದೂ ಬೇಕಿರಲಿಲ್ಲ, ಮಿಸ್ಡ್ ಕಾಲ್ ಸಾಕಾಗಿತ್ತು. ಗುರಿಯಾದವರು ಜಗತ್ತಿನಾದ್ಯಂತ ಸುಮಾರು 1,400 ಮಂದಿ. ಭಾರತದ ಪತ್ರಕರ್ತರು, ಮಾನವ ಹಕ್ಕು ಕಾರ್ಯಕರ್ತರೂ ಅದರಲ್ಲಿದ್ದರು. 2025ರಲ್ಲಿ ಬೆಳಕಿಗೆ ಬಂದ 'ಲ್ಯಾಂಡ್‌ಫಾಲ್' ಎಂಬ ಬೇಹುತಂತ್ರಾಂಶ ಸ್ಯಾಮ್‌ಸಂಗ್ ಫೋನ್‌ಗಳು ಚಿತ್ರಗಳನ್ನು ನಿಭಾಯಿಸುವ ರೀತಿಯಲ್ಲಿದ್ದ ಲೋಪವನ್ನು ಹಿಡಿದಿತ್ತು. ಇಂಥ ಅಸ್ತ್ರಗಳಿಗೆ ಅಪಾರ ಹಣ ಬೇಕು, ಒಮ್ಮೆ ಪತ್ತೆಯಾದರೆ ಅಪ್‌ಡೇಟ್‌ನೊಂದಿಗೆ ಆ ದಾರಿ ಮುಚ್ಚಿಹೋಗುತ್ತದೆ. ಹಾಗಾಗಿ ಇವನ್ನು ಆರಿಸಿದ ಕೆಲವರ ಮೇಲೆ ಪ್ರಯೋಗಿಸುತ್ತಾರೆ. ಶಿವಮೊಗ್ಗದ ನಿವೃತ್ತ ಮೇಷ್ಟ್ರ ಪಿಂಚಣಿ ಖಾತೆಗಾಗಿ ಯಾರೂ ಖರ್ಚು ಮಾಡುವುದಿಲ್ಲ. ಮೇಷ್ಟ್ರಿಗೆ ಬರುವುದು ಚಲನ್.

ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸೈಬರ್ ಭದ್ರತಾ ಕಂಪನಿ ಕ್ಲೌಡ್‌ಸೆಕ್ 2024ರ ಜುಲೈನಲ್ಲಿ ಬಯಲಿಗೆಳೆದ ಜಾಲವೊಂದರಲ್ಲಿ ವಾಟ್ಸ್‌ಆ್ಯಪ್ ಸಂದೇಶಗಳು ಪರಿವಾಹನ್ ಸೇವೆಯ ಹೆಸರಲ್ಲೋ ಕರ್ನಾಟಕ ಪೊಲೀಸರ ಹೆಸರಲ್ಲೋ ಬರುತ್ತಿದ್ದವು. ಸಂಚಾರ ನಿಯಮ ಉಲ್ಲಂಘನೆಗೆ ದಂಡ ಬಿದ್ದಿದೆ, ವಿವರಕ್ಕೆ ಈ ಆ್ಯಪ್ ನೋಡಿ ಎಂಬ ಒಕ್ಕಣೆ, ಕೆಳಗೆ ಒಂದು ಎಪಿಕೆ ಫೈಲ್, ಅಂದರೆ ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್ ಕೂರಿಸುವ ಫೈಲ್. ಹೆಲ್ಮೆಟ್ ಇಲ್ಲದೆ ಹೋದದ್ದು, ಸಿಗ್ನಲ್ ಹಾರಿದ್ದು ಯಾರಿಗೆ ನೆನಪಾಗುವುದಿಲ್ಲ! ಒತ್ತಿದ ಕೂಡಲೇ ಆಂಡ್ರಾಯ್ಡ್ ತಡೆಯುತ್ತದೆ: ಈ ಮೂಲದಿಂದ ಅಪರಿಚಿತ ಆ್ಯಪ್ ಹಾಕಲು ಅನುಮತಿ ಇಲ್ಲ ಎಂದು ಹೇಳಿ ಸೆಟ್ಟಿಂಗ್ಸ್‌ನ ದಾರಿ ತೋರಿಸುತ್ತದೆ. ಬಳಕೆದಾರ ಅಲ್ಲಿಗೆ ಹೋಗಿ ಗುಂಡಿಯನ್ನು ಬಲಕ್ಕೆ ಸರಿಸುತ್ತಾನೆ. ಆ್ಯಪ್ ಕೂರುತ್ತದೆ. ಕಾಂಟ್ಯಾಕ್ಟ್ ನೋಡಲು ಬಿಡಿ ಎನ್ನುತ್ತದೆ, ಸರಿ. ಕರೆಗಳಿಗೆ ಅನುಮತಿ, ಸರಿ. ಎಸ್‌ಎಂಎಸ್ ಓದಲು, ಸರಿ. ಇನ್ನು ಮೇಲೆ ಈ ಫೋನಿನ ಎಸ್‌ಎಂಎಸ್‌ಗೆಲ್ಲ ನಾನೇ ಯಜಮಾನ ಆಗಲೆ ಎಂದು ಕೇಳುತ್ತದೆ, ಅದಕ್ಕೂ ಸರಿ.

ಅಷ್ಟಾದರೆ ಒಟಿಪಿ ಕದಿಯಲು ಫೋನ್ ಮಾಡಿ ಸಿಹಿ ಮಾತಾಡುವ ಅಗತ್ಯವೇ ಇಲ್ಲ. ಬ್ಯಾಂಕಿನಿಂದ, ಶಾಪಿಂಗ್ ತಾಣದಿಂದ ಬಂದ ಸಂದೇಶ ನೇರ ಕಳ್ಳರ ಟೆಲಿಗ್ರಾಂ ಬಾಟ್‌ಗೆ ತಲುಪುತ್ತಿತ್ತು. ಅವರು ಬಲಿಪಶುವಿನ ಶಾಪಿಂಗ್ ಖಾತೆಗೆ ಹೊಕ್ಕು ಗಿಫ್ಟ್ ಕಾರ್ಡ್ ಕೊಳ್ಳುತ್ತಿದ್ದರು, ಅದೂ ಅನುಮಾನ ಬಾರದಂತೆ ಸಣ್ಣ ಸಣ್ಣ ಮೊತ್ತಕ್ಕೆ. ಕ್ಲೌಡ್‌ಸೆಕ್ ಲೆಕ್ಕದಲ್ಲಿ 4,400ಕ್ಕೂ ಹೆಚ್ಚು ಫೋನ್‌ಗಳಿಗೆ ಇದು ಅಂಟಿತ್ತು, ಹೋದ ಹಣ 16 ಲಕ್ಷ ರೂಪಾಯಿಗೂ ಅಧಿಕ. ಅತಿ ಹೆಚ್ಚು ತೊಂದರೆಗೊಳಗಾದ ರಾಜ್ಯ ಗುಜರಾತ್, ನಂತರದ ಸ್ಥಾನ ಕರ್ನಾಟಕದ್ದು. ನಡೆಸಿದವರು ವಿಯೆಟ್ನಾಂನವರು ಎಂದು ಆ ವರದಿ ಹೇಳಿತು.

ಅದೇ ವರ್ಷ ಎಸ್‌ಬಿಐ ರಿವಾರ್ಡ್ ಪಾಯಿಂಟ್ ಹೆಸರಿನ ಎಪಿಕೆಗಳೂ ಓಡಾಡಿದವು. ನವೆಂಬರ್‌ನಲ್ಲಿ ಮದುವೆ ಸೀಸನ್ ಬರುತ್ತಿದ್ದಂತೆ ಹಿಮಾಚಲ ಪ್ರದೇಶದ ಪೊಲೀಸರು ಲಗ್ನಪತ್ರಿಕೆಯ ವೇಷದ ಎಪಿಕೆ ಬಗ್ಗೆ ಎಚ್ಚರಿಸಬೇಕಾಯಿತು. ಲಗ್ನಪತ್ರಿಕೆ ಚಿತ್ರವಾಗಿ ಬರಬಹುದು, ಪಿಡಿಎಫ್ ಆಗಿ ಬರಬಹುದು, ವಿಡಿಯೊ ಆಗಿಯೂ ಬರಬಹುದು. ಅದನ್ನು ಓದಲು ಫೋನಿನ ಸೆಟ್ಟಿಂಗ್ಸ್ ಬದಲಿಸಬೇಕು ಎಂದರೆ ಅಲ್ಲಿ ಮದುವೆ ಇಲ್ಲ.

'ಕಳಿಸಿದ್ದು ನಮ್ಮ ಭಾವ, ಅಪರಿಚಿತರಲ್ಲ' ಎಂಬುದು ಎಲ್ಲಕ್ಕಿಂತ ಹಳೆಯ ನಂಬಿಕೆ, ಮತ್ತು ಎಲ್ಲಕ್ಕಿಂತ ದುಬಾರಿಯದು. ಚಾಟ್ ಮೂಲಕ ಹರಡುವ ಕುತಂತ್ರಾಂಶಕ್ಕೆ ಬೇಕಾದದ್ದೇ ಪರಿಚಯ. ಇಮೇಲ್‌ನಲ್ಲಿ ಯಾರ್‍ಯಾರೋ ಬರೆಯುತ್ತಾರೆ, ಚಾಟ್‌ನಲ್ಲಿ ಬಹುಪಾಲು ಗೊತ್ತಿದ್ದವರೇ. ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಯಾಹೂ ಮೆಸೆಂಜರ್ ಮೆರೆಯುತ್ತಿದ್ದ ಕಾಲದಲ್ಲೇ, ಅಂದರೆ 2005ರ ಆರಂಭದಲ್ಲಿ, 'ಬ್ರೋಪಿಯಾ' ಎಂಬ ಹುಳು (ವರ್ಮ್) ಎಂಎಸ್‌ಎನ್ ಮೆಸೆಂಜರ್‌ನಲ್ಲಿ ಹಬ್ಬಿತು. ಸೋಂಕು ತಗುಲಿದ ಕಂಪ್ಯೂಟರಿನಿಂದ ಗೆಳೆಯರ ಪಟ್ಟಿಯಲ್ಲಿದ್ದವರಿಗೆಲ್ಲ ಪೋಲಿ ಫೋಟೊ ಎಂಬಂಥ ಹೆಸರಿನ ಫೈಲ್ ಹೋಗುತ್ತಿತ್ತು. ಆಸೆಯಿಂದ ತೆರೆದವರಿಗೆ ಅದರ ಒಂದು ರೂಪ ತೋರಿಸಿದ್ದು ಬಿಕಿನಿಯ ಗುರುತು ಮೂಡಿದ್ದ ಹುರಿದ ಕೋಳಿಯನ್ನು! ನಗುತ್ತಿರುವಾಗ ಹಿಂದೆ ಇನ್ನೊಂದು ಕುತಂತ್ರಾಂಶ ಇಳಿದಿರುತ್ತಿತ್ತು. ಆ ವರ್ಷದ ಏಪ್ರಿಲ್‌ನಲ್ಲಿ 'ಕೆಲ್ವಿರ್' ಎಂಬ ಹುಳುವಿನ ಕಾಟಕ್ಕೆ ರಾಯಿಟರ್ಸ್ ಸಂಸ್ಥೆ ಹಣಕಾಸು ವಲಯದ ಗ್ರಾಹಕರಿಗೆಂದು ನಡೆಸುತ್ತಿದ್ದ ತನ್ನ ಮೆಸೇಜಿಂಗ್ ಸೇವೆಯನ್ನೇ ತಾತ್ಕಾಲಿಕವಾಗಿ ಮುಚ್ಚಿತು. 2012ರಲ್ಲಿ ಸ್ಕೈಪ್‌ನಲ್ಲಿ ಹರಡಿದ 'ಡಾರ್ಕ್‌ಬಾಟ್' ಕೇಳುತ್ತಿದ್ದುದು ಒಂದೇ ಪ್ರಶ್ನೆ: ಇದು ನಿನ್ನ ಹೊಸ ಪ್ರೊಫೈಲ್ ಫೋಟೊನಾ? ಗೆಳೆಯನ ಹೆಸರಿನಲ್ಲಿ ಬಂದ ಆ ಪ್ರಶ್ನೆಯ ಜೊತೆಗಿದ್ದ ಕೊಂಡಿಯನ್ನು ಒತ್ತದೆ ಬಿಡುವುದು ಕಷ್ಟವೇ.

2021ರ 'ವಾಟ್ಸ್‌ಆ್ಯಪ್ ಪಿಂಕ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನೋಟಿಫಿಕೇಶನ್ ಓದುವ ಅನುಮತಿ ಪಡೆದು, ಬಂದ ಸಂದೇಶಗಳಿಗೆ ತಾನೇ ಉತ್ತರವಾಗಿ ಕೊಂಡಿ ಕಳಿಸುತ್ತಿತ್ತು. ಅಂದರೆ ಊಟ ಆಯ್ತಾ ಎಂದು ಕೇಳಿದವರಿಗೆ ಮರುಕ್ಷಣವೇ ಗುಲಾಬಿ ವಾಟ್ಸ್‌ಆ್ಯಪ್‌ನ ಆಹ್ವಾನ. ಮಾತುಕತೆಯ ನಡುವೆಯೇ ಬಂದದ್ದರಿಂದ ಅನುಮಾನ ಪಡುವುದು ಹೇಗೆ?

ಫೋನಿನಲ್ಲಿ ಜಾಗ್ರತೆಯಾಗಿದ್ದು ಕಂಪ್ಯೂಟರಿನಲ್ಲಿ ಮೈಮರೆಯುವವರೂ ಇದ್ದಾರೆ. 2025ರ ಅಕ್ಟೋಬರ್‌ನಲ್ಲಿ ಟ್ರೆಂಡ್ ಮೈಕ್ರೊ ಕಂಪನಿ ವರದಿ ಮಾಡಿದ 'ಸೊರ್ವೆಪೊಟೆಲ್' ಹುಳುವಿನ 477 ಪ್ರಕರಣಗಳಲ್ಲಿ 457 ಬ್ರೆಜಿಲ್‌ನವು. ರಸೀದಿ, ಅಂದಾಜುಪಟ್ಟಿ ಎಂಬಂಥ ಹೆಸರಿನ ಜಿಪ್ ಫೈಲ್ ಪರಿಚಿತರ ವಾಟ್ಸ್‌ಆ್ಯಪ್‌ನಿಂದಲೇ ಬರುತ್ತಿತ್ತು. ಜೊತೆಗೆ ಒಂದು ಸೂಚನೆ: ಇದನ್ನು ಕಂಪ್ಯೂಟರಿನಲ್ಲಿ ತೆರೆಯಿರಿ. ತೆರೆದವರ ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್ ವೆಬ್ ಚಾಲೂ ಇದ್ದರೆ ಅದೇ ಜಿಪ್ ಎಲ್ಲ ಕಾಂಟ್ಯಾಕ್ಟ್‌ಗಳಿಗೆ, ಗ್ರೂಪ್‌ಗಳಿಗೆ ಹೋಗುತ್ತಿತ್ತು. ಎಷ್ಟು ಹೋಗುತ್ತಿತ್ತೆಂದರೆ ಸ್ಪ್ಯಾಮ್ ಕಳಿಸಿದ ಆರೋಪಕ್ಕೆ ಖಾತೆಗಳೇ ಬ್ಯಾನ್ ಆದವು. ಆಫೀಸಿನ ಕಂಪ್ಯೂಟರಿನಲ್ಲಿ ದಿನವಿಡೀ ವಾಟ್ಸ್‌ಆ್ಯಪ್ ವೆಬ್ ತೆರೆದಿಟ್ಟುಕೊಳ್ಳುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಫೈಲಿನ ಐಕಾನ್ ನೋಡಿ ನಂಬುವುದೂ ಸಾಲದು. ವಿಂಡೋಸ್‌ನ ವಾಟ್ಸ್‌ಆ್ಯಪ್‌ನಲ್ಲಿ ಒಂದು ಲೋಪವಿತ್ತು: ಚಿತ್ರದಂತೆ ತೋರಿಸುತ್ತಿದ್ದ ಫೈಲನ್ನು ಒತ್ತಿದಾಗ ಅದರ ಹೆಸರಿನ ಬಾಲ ನೋಡಿ ಪ್ರೋಗ್ರಾಂ ಆಗಿ ಓಡಿಸಿಬಿಡುವ ಸಾಧ್ಯತೆ. 2025ರ ಏಪ್ರಿಲ್‌ನಲ್ಲಿ ವಾಟ್ಸ್‌ಆ್ಯಪ್ ಇದನ್ನು ಪ್ರಕಟಿಸಿ ಹೊಸ ಆವೃತ್ತಿ ಹಾಕಿಕೊಳ್ಳಲು ಹೇಳಿತು.

'ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಇದೆಯಲ್ಲ' ಎನ್ನುವವರಿಗೆ ಉತ್ತರ ಚಿಕ್ಕದು. ಅದು ದಾರಿಯಲ್ಲಿ ಯಾರೂ ಲಕೋಟೆ ಒಡೆಯದಂತೆ ನೋಡಿಕೊಳ್ಳುತ್ತದೆ, ಒಳಗೆ ವಿಷವಿದ್ದರೆ ಅದನ್ನೂ ಭದ್ರವಾಗಿ ತಲುಪಿಸುತ್ತದೆ. ಐಫೋನ್ ಇದ್ದವರಿಗೆ ಎಪಿಕೆ ಭಯವಿಲ್ಲ, ಅಷ್ಟರಮಟ್ಟಿಗೆ ನಿಜ. ನಕಲಿ ಬ್ಯಾಂಕ್ ಪುಟದಲ್ಲಿ ಪಾಸ್‌ವರ್ಡ್ ಟೈಪ್ ಮಾಡುವ ಬೆರಳಿಗೆ ಫೋನಿನ ಕಂಪನಿ ಯಾವುದಾದರೇನು? ಇನ್ನು ಆಂಡ್ರಾಯ್ಡ್‌ನ ಪ್ಲೇ ಪ್ರೊಟೆಕ್ಟ್ ಬಹಳಷ್ಟು ಕೆಟ್ಟ ಆ್ಯಪ್‌ಗಳನ್ನು ಹಿಡಿಯುತ್ತದೆ. ಹಾಗಾಗಿಯೇ ವಂಚಕರು ಮೊದಲು ಅದನ್ನು ಆಫ್ ಮಾಡಿಸಲು ನೋಡುತ್ತಾರೆ. ಯಾರಾದರೂ ಅದನ್ನು ಆಫ್ ಮಾಡಲು ಹೇಳಿದರೆ ಅವರೊಂದಿಗೆ ಮುಂದೆ ಮಾತಾಡುವ ಅಗತ್ಯವೇ ಇಲ್ಲ.

ಆಗಿದ್ದಾಗಿದೆ, ಮೆಸೇಜ್ ಡಿಲೀಟ್ ಮಾಡಿದ್ದೇನೆ, ವಾಟ್ಸ್‌ಆ್ಯಪ್ ತೆಗೆದುಹಾಕಿದ್ದೇನೆ, ಇನ್ನು ತೊಂದರೆ ಇಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವವರು ಬಹಳ. ಮೆಸೇಜ್ ಬರೀ ಬಾಗಿಲು ತಟ್ಟಿದ್ದು. ಒಳಗೆ ಬಂದು ಕೂತ ಆ್ಯಪ್ ಹಾಗೇ ಇರುತ್ತದೆ. ಎಷ್ಟೋ ಸಲ ಅದು ತನ್ನ ಐಕಾನ್ ಅಡಗಿಸಿಕೊಂಡಿರುತ್ತದೆ, ಮುಖಪುಟದಲ್ಲಿ ಹುಡುಕಿದರೆ ಸಿಗದು.

ಇಂಥ ಆ್ಯಪ್ ಹಾಕಿಕೊಂಡದ್ದು ಗೊತ್ತಾದರೆ ಮೊದಲ ಕೆಲಸ ಇಂಟರ್ನೆಟ್ ಕಡಿಯುವುದು: ಏರೋಪ್ಲೇನ್ ಮೋಡ್, ವೈಫೈ ಆಫ್. ಎರಡನೆಯದು ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ, ಕಾರ್ಡ್, ಯುಪಿಐ ತಡೆಹಿಡಿಸುವುದು. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಬೇಕು, ಅಥವಾ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ತಾಣದಲ್ಲಿ ದೂರು ಕೊಡಬೇಕು. ಮರ್ಯಾದೆಗೆ ಅಂಜಿ ಸಂಜೆವರೆಗೆ ಕಾಯುವವರು ಹಣ ಕಳೆದುಕೊಳ್ಳುತ್ತಾರೆ, ಏಕೆಂದರೆ ಕದ್ದ ಹಣ ಅಷ್ಟರಲ್ಲಿ ಖಾತೆಯಿಂದ ಖಾತೆಗೆ ಜಿಗಿದು ಹೋಗಿರುತ್ತದೆ. ಪಾಸ್‌ವರ್ಡ್ ಬದಲಿಸುವುದೂ ಬೇರೆ ಫೋನಿನಲ್ಲೇ ಆಗಬೇಕು. ಸೋಂಕಿತ ಫೋನಿನಲ್ಲಿ ಬದಲಿಸಿದರೆ ಹೊಸದನ್ನೂ ಕಳ್ಳರಿಗೆ ಒಪ್ಪಿಸಿದಂತೆ. ಭಾವನಿಂದ ಬಂದದ್ದಾಗಿದ್ದರೆ ಭಾವನಿಗೆ ಚಾಟ್‌ನಲ್ಲಿ ಬರೆಯದೆ ನೇರ ಕರೆ ಮಾಡಿ ಹೇಳಬೇಕು, ಅವರ ಚಾಟ್‌ನಲ್ಲಿ ಉತ್ತರಿಸುತ್ತಿರುವುದು ಯಾರೋ ಏನೋ.

ಆಮೇಲೆ ಫೋನಿನ ರಿಪೇರಿ. ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪೂರ್ತಿ ಪಟ್ಟಿಯಲ್ಲಿ ಗೊತ್ತಿಲ್ಲದ ಹೆಸರನ್ನು ಹುಡುಕಬೇಕು. ತೆಗೆಯಲು ಬಿಡದಿದ್ದರೆ ಆಕ್ಸೆಸಿಬಿಲಿಟಿ, ಡಿವೈಸ್ ಅಡ್ಮಿನ್ ಅನುಮತಿಗಳನ್ನು ಕಿತ್ತು, ಸೇಫ್ ಮೋಡ್‌ನಲ್ಲಿ ಪ್ರಯತ್ನಿಸಬೇಕು. ಎಸ್‌ಎಂಎಸ್‌ಗೆ ಡೀಫಾಲ್ಟ್ ಆ್ಯಪ್ ಯಾವುದಿದೆ ಎಂದು ನೋಡಬೇಕು. ವಾಟ್ಸ್‌ಆ್ಯಪ್‌ನ 'ಲಿಂಕ್ಡ್ ಡಿವೈಸಸ್'ನಲ್ಲಿ ನಮ್ಮದಲ್ಲದ ಕಂಪ್ಯೂಟರ್ ಕೂತಿದ್ದರೆ ಹೊರಹಾಕಬೇಕು. ಅನುಮಾನ ಉಳಿದರೆ ಫ್ಯಾಕ್ಟರಿ ರಿಸೆಟ್ ಒಂದೇ ದಾರಿ. ಅದಕ್ಕೂ ಮುಂಚೆ ಫೋಟೊಗಳನ್ನು ಬೇರೆಡೆ ಉಳಿಸಿಕೊಳ್ಳುವಾಗ ಡೌನ್‌ಲೋಡ್ ಫೋಲ್ಡರನ್ನೂ ವಾಟ್ಸ್‌ಆ್ಯಪ್‌ನ ಡಾಕ್ಯುಮೆಂಟ್ಸ್ ಫೋಲ್ಡರನ್ನೂ ಒಮ್ಮೆ ತೆರೆದು ನೋಡುವುದು ಒಳ್ಳೆಯದು. ಆ ಎಪಿಕೆ ಅಲ್ಲೇ ಬಿದ್ದಿರುತ್ತದೆ, ಎಲ್ಲವನ್ನೂ ಒಟ್ಟಿಗೆ ನಕಲು ಮಾಡಿಕೊಂಡವರ ಹೊಸ ಫೋನಿಗೂ ಜೊತೆಯಲ್ಲೇ ಹೋಗುತ್ತದೆ.