ಮೋಡ ಬರುತ್ತೆ ಮಿಸ್, ಮಳೆ ಬರಲ್ಲ

ಪದವಿ ಮುಗಿಸಿದ ಮಗಳನ್ನು ಬಿ.ಇಡಿ.ಗೆ ಸೇರಿಸಬಹುದೇ ಎಂದು ಕೇಳುವವರು ನನಗೆ ಎಲ್ಲಿ ಬೇಕಾದರೂ ಸಿಗುತ್ತಾರೆ. ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ, ಬೀರೂರು ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ. “ಎರಡು ವರ್ಷ ಅಲ್ವಾ ಮೇಡಂ, ಆಮೇಲೆ ಸರ್ಕಾರಿ ಕೆಲಸ ಆಗುತ್ತಲ್ಲ?” ಎನ್ನುವುದು ಎಲ್ಲರ ಪ್ರಶ್ನೆ. ಎರಡು ವರ್ಷ ಅನ್ನುವುದು ನಿಜ. ಆಮೇಲಿನದನ್ನು ಹೇಳಲು ಊಟದ ಪಂಕ್ತಿ ಸಾಲದು.

ನಾನು ಸಮಾಜ ವಿಜ್ಞಾನದ ಶಿಕ್ಷಕಿ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯ ಪ್ರೌಢಶಾಲೆಗಳಲ್ಲಿ ಪಾಠ ಮಾಡಿದ್ದೇನೆ. ಬಿ.ಇಡಿ. ಕಾಲೇಜಿನಿಂದ ಇಂಟರ್ನ್‌ಶಿಪ್ಪಿಗೆ ಬರುವ ಪ್ರಶಿಕ್ಷಣಾರ್ಥಿಗಳ ಲೆಸನ್ ಪ್ಲಾನಿಗೆ ಸಹಿ ಹಾಕುವುದು, ಹಿಂದಿನ ಬೆಂಚಿನಲ್ಲಿ ಕೂತು ಅವರ ಪಾಠ ನೋಡುವುದು ನನ್ನ ಪಾಲಿಗೆ ಬಂದ ಹೆಚ್ಚುವರಿ ಕೆಲಸ. ಶಿಕ್ಷಕರು ಎಲ್ಲಿ ತಯಾರಾಗುತ್ತಾರೆ ಎಂದು ಯಾರಾದರೂ ಕೇಳಿದರೆ ನಾನು ಆ ಹಿಂದಿನ ಬೆಂಚನ್ನೇ ತೋರಿಸುತ್ತೇನೆ.

ಮೊದಲು ದಾರಿ ಯಾವುದು ಎಂದು ಹೇಳಿಬಿಡುತ್ತೇನೆ. ಪದವಿಯಲ್ಲಿ ಶೇ 50 ಅಂಕ ಇರಬೇಕು. ಮೀಸಲು ವರ್ಗದವರಿಗೆ ರಿಯಾಯಿತಿ ಉಂಟು. ಸರ್ಕಾರಿ ಕೋಟಾದ ಸೀಟುಗಳನ್ನು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಮೆರಿಟ್ ನೋಡಿ ಹಂಚುತ್ತದೆ. ನಮ್ಮ ಜಿಲ್ಲೆಯ ಕಾಲೇಜುಗಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ನಮ್ಮ ಕಾಲದಲ್ಲಿ ಬಿ.ಇಡಿ. ಒಂದೇ ವರ್ಷದ್ದು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರಲ್ಲಿ ತಂದ ನಿಯಮದಿಂದ ಅದು ಎರಡು ವರ್ಷಕ್ಕೆ ಬೆಳೆಯಿತು. ಅದರಲ್ಲಿ 20 ವಾರ ಶಾಲೆಯಲ್ಲೇ ಕಳೆಯಬೇಕು: ಮೊದಲ ವರ್ಷ ನಾಲ್ಕು ವಾರ, ಎರಡನೇ ವರ್ಷ ಹದಿನಾರು. ಕಾಲೇಜಿನ ತರಗತಿಗೆ ಶೇ 80 ಹಾಜರಿ ಸಾಕು, ಶಾಲೆಯ ಇಂಟರ್ನ್‌ಶಿಪ್ಪಿಗೆ ಶೇ 90 ಬೇಕು. ಯಾವುದಕ್ಕೆ ತೂಕ ಹೆಚ್ಚು ಎಂಬುದನ್ನು ನಿಯಮವೇ ಹೇಳಿದೆ.

ಶಾಲೆಗೆ ಬರುವ ಮೊದಲು ಕಾಲೇಜಿನಲ್ಲಿ ಮೈಕ್ರೋ ಟೀಚಿಂಗ್ ನಡೆಯುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆ್ಯಲೆನ್ ಮತ್ತು ಅವರ ಸಂಗಡಿಗರು 1960ರ ದಶಕದಲ್ಲಿ ರೂಪಿಸಿದ ಕ್ರಮ ಅದು. ಐದಾರು ನಿಮಿಷದ ಪಾಠ, ಅದರಲ್ಲಿ ಒಂದೇ ಕೌಶಲ. ಇವತ್ತು ಪೀಠಿಕೆ ಹಾಕುವುದು, ನಾಳೆ ಕಪ್ಪು ಹಲಗೆ ಬಳಸುವುದು, ನಾಡಿದ್ದು ಕೆದಕಿ ಪ್ರಶ್ನೆ ಕೇಳುವುದು. ನೋಡಿದವರು ತಪ್ಪುಒಪ್ಪು ಹೇಳುತ್ತಾರೆ, ಅದನ್ನು ತಿದ್ದಿಕೊಂಡು ಮತ್ತೆ ಪಾಠ ಮಾಡಬೇಕು. ಒಳ್ಳೆಯ ಕ್ರಮವೇ. ಆದರೆ ಎದುರಿಗೆ ಮಕ್ಕಳಾಗಿ ಕೂತವರು ಸಹಪಾಠಿಗಳು. ಸ್ನೇಹಿತೆಯ ಪಾಠ ಚೆನ್ನಾಗಿ ಆಗಲಿ ಎಂದು ಎಲ್ಲರೂ ಸರಿಯುತ್ತರವನ್ನೇ ಕೊಡುತ್ತಾರೆ. ಹಾಗಾಗಿ ಪ್ರಶ್ನೆ ಕೇಳಲು ಕಲಿತವರು ನಮ್ಮಲ್ಲಿಗೆ ಬರುತ್ತಾರೆ, ತಪ್ಪು ಉತ್ತರ ಬಂದರೆ ಏನು ಮಾಡಬೇಕು ಎಂದು ಗೊತ್ತಿರುವವರು ಬರುವುದು ಕಡಿಮೆ.

ಕಡೂರು ಕಡೆಯ ಶಾಲೆಯಲ್ಲಿ ಒಬ್ಬಳು ಹುಡುಗಿ ‘ಮಳೆಯ ನೆರಳಿನ ಪ್ರದೇಶ’ದ ಪಾಠ ಮಾಡಿದಳು. ಚಾರ್ಟ್ ಚೆನ್ನಾಗಿತ್ತು, ಪ್ಲಾನಿನಲ್ಲಿ ತೊಡಗಿಸಿಕೊಳ್ಳುವಿಕೆಯಿಂದ ಮೌಲ್ಯಮಾಪನದವರೆಗೆ ಐದು ಹಂತವೂ ಭರ್ತಿಯಾಗಿದ್ದವು. ನಮ್ಮ ಕಡೆ ಮಳೆ ಯಾಕೆ ಕಡಿಮೆ ಎಂದು ಕೇಳಿದಳು. ಮುಂದಿನ ಬೆಂಚಿನಿಂದ ಉತ್ತರ ಬಂತು: “ಬೆಟ್ಟ ಮೋಡನ ತಡೆಯುತ್ತೆ ಮಿಸ್.” ಗುಡ್ ಎಂದಳು. ಆಗ ಕಿಟಕಿ ಪಕ್ಕದ ಹುಡುಗ ಎದ್ದ. “ಮೋಡ ಬರುತ್ತೆ ಮಿಸ್, ದಿನಾ ನೋಡ್ತೀವಿ. ಮಳೆ ಬರಲ್ಲ.” ತರಗತಿ ನಕ್ಕಿತು. ಅವಳು, “ಕೂತ್ಕೋ, ಆಮೇಲೆ ಹೇಳ್ತೀನಿ” ಎಂದು ಚಾರ್ಟಿಗೆ ತಿರುಗಿದಳು.

ಆ ದಿನದ ಪಾಠ ಶುರುವಾಗಬೇಕಿದ್ದುದೇ ಅಲ್ಲಿ. ಗುಡ್ ಅನ್ನಿಸಿಕೊಂಡ ಉತ್ತರ ಅರ್ಧ ತಪ್ಪು; ಕೂರಿಸಿದ ಹುಡುಗ ಹೇಳಿದ್ದು ಅವನ ಕಣ್ಣು ಕಂಡ ಸತ್ಯ. ಬೆಟ್ಟ ಗೋಡೆಯ ಹಾಗೆ ಮೋಡವನ್ನು ತಡೆದು ನಿಲ್ಲಿಸುವುದಿಲ್ಲ. ಪಡುವಣದ ತೇವದ ಗಾಳಿ ಘಟ್ಟವನ್ನೂ ಬಾಬಾಬುಡನ್ ಗಿರಿಯನ್ನೂ ಏರಬೇಕು. ಆ ಸಾಲಿನ ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ, ಕರ್ನಾಟಕದಲ್ಲೇ ಮೊದಲನೆಯದು. ಮೇಲೇರಿದ ಗಾಳಿ ತಣಿಯುತ್ತದೆ, ಅದರಲ್ಲಿದ್ದ ಆವಿ ಹನಿಯಾಗಿ ಆ ಮಗ್ಗುಲಲ್ಲೇ ಸುರಿಯುತ್ತದೆ. ದಾಟಿ ನಮ್ಮ ಕಡೆ ಇಳಿಯುವಾಗ ಗಾಳಿ ಬಿಸಿಯಾಗುತ್ತದೆ. ಬಿಸಿ ಗಾಳಿಯಲ್ಲಿ ಹನಿ ಮತ್ತೆ ಆವಿಯಾಗುತ್ತದೆ, ಉಳಿದ ಮೋಡ ತೆಳುವಾಗುತ್ತದೆ. ಕಡೂರಿನ ಮೇಲೆ ತೇಲಿ ಹೋಗುವುದು ಸುರಿದು ಮುಗಿಸಿದ ಮೋಡ.

ಸಂಜೆ ಇದನ್ನು ಅವಳಿಗೆ ಹೇಳಿದೆ. ಅವಳಿಗೆ ವಿಷಯ ಗೊತ್ತಿತ್ತು. ಬಿ.ಎ.ಯಲ್ಲಿ ಭೂಗೋಳವನ್ನೇ ಓದಿದವಳು. “ಮತ್ತೆ ಯಾಕಮ್ಮ ಹೇಳ್ಲಿಲ್ಲ?” ಎಂದೆ. “ಪ್ಲಾನಿನಲ್ಲಿ ಇರಲಿಲ್ಲ ಮೇಡಂ. ಟೈಮು ಮುಗಿದುಬಿಟ್ಟರೆ ಅಂತ ಹೆದರಿಕೆ” ಎಂದಳು. ಮಾರನೆಯ ದಿನ ಅದೇ ತರಗತಿಗೆ ಚಾರ್ಟ್ ಇಲ್ಲದೆ ಹೋಗಿ, ಆ ಹುಡುಗನನ್ನೇ ಎಬ್ಬಿಸಿ, “ನೀನು ನಿನ್ನೆ ಹೇಳಿದ್ದು ಸರಿ. ಹಾಗಾದರೆ ಮಳೆ ಎಲ್ಲಿ ಹೋಯ್ತು?” ಎಂದು ಕೇಳಿದಳು. ಮಲೆನಾಡಿನಲ್ಲಿ ನೆಂಟರಿರುವ ಮಕ್ಕಳು ಅಲ್ಲಿನ ಜಡಿಮಳೆಯ ಕಥೆ ಹೇಳಿದರು. ಹಲಗೆಯ ಮೇಲೆ ಬೆಟ್ಟದ ಎರಡು ಮಗ್ಗುಲೂ ಮಕ್ಕಳ ಬಾಯಿಂದಲೇ ತುಂಬಿಕೊಂಡವು. ಪ್ಲಾನಿನ ಪಾಠದಲ್ಲಿ ಅರ್ಧವಷ್ಟೇ ಮುಗಿಯಿತು. ನಾನು ಪೂರ್ತಿ ಅಂಕ ಕೊಟ್ಟೆ.

ಲೆಸನ್ ಪ್ಲಾನಿನಲ್ಲಿ ‘ಪೂರ್ವಜ್ಞಾನ’ ಎಂಬ ಒಂದು ಸಾಲು ಇರುತ್ತದೆ. ಬಹುತೇಕರು ಅಲ್ಲಿ ‘ವಿದ್ಯಾರ್ಥಿಗಳಿಗೆ ಮಳೆಯ ಬಗ್ಗೆ ತಿಳಿದಿದೆ’ ಎಂದು ಬರೆದು ಮುಂದಕ್ಕೆ ಹೋಗುತ್ತಾರೆ. ಆ ಸಾಲಿನಲ್ಲಿ ಊರು ಇರಬೇಕು. ಹೊಯ್ಸಳ ಶಿಲ್ಪ ಎಂದರೆ ಬೇಲೂರಿನ ಚಿತ್ರ ಅಂಟಿಸಿಕೊಂಡು ಬರುವವರಿಗೆ, ತರೀಕೆರೆಯ ಪಕ್ಕದಲ್ಲೇ 1196ರ ಅಮೃತಾಪುರದ ಅಮೃತೇಶ್ವರ ಇದ್ದಾನೆ, ನಿನ್ನ ತರಗತಿಯ ಮಕ್ಕಳು ಅಲ್ಲಿಯ ಜಾತ್ರೆ ಕಂಡವರು ಎನ್ನುತ್ತೇನೆ. ಟಿಪ್ಪುವಿನ ಸೈನ್ಯದ ಪಾಠ ಅಜ್ಜಂಪುರದಲ್ಲಿ ನಡೆದರೆ ಫಿರಂಗಿ ಎಳೆದ ಎತ್ತುಗಳಿಂದ ಶುರು ಮಾಡು; ಆ ಅಮೃತಮಹಲ್ ತಳಿಯ ಕೇಂದ್ರ ಇರುವುದು ಇದೇ ಊರಲ್ಲಿ. ನದಿ ಯೋಜನೆಗೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು. ಕನ್ನಡ ಮೆಥಡ್ ತೆಗೆದುಕೊಂಡವರಿಗೆ ಜೈಮಿನಿ ಭಾರತದ ಲಕ್ಷ್ಮೀಶನ ದೇವನೂರು ಕಡೂರು ತಾಲ್ಲೂಕಿನಲ್ಲೇ ಇದೆ. ಮಗುವಿಗೆ ಗೊತ್ತಿರುವುದರಿಂದ ಹೊರಟರೆ ಅದು ಬಾಯಿ ಬಿಡುತ್ತದೆ. ಬಾಯಿ ಬಿಟ್ಟಾಗಲೇ ಎಲ್ಲಿ ಎಡವಿದೆ ಎಂದು ನಮಗೆ ತಿಳಿಯುವುದು.

ಹಾಜರಿ ಪುಸ್ತಕವನ್ನೂ ಓದಲು ಹೇಳಿಕೊಡುತ್ತೇನೆ. ಅಜ್ಜಂಪುರದಲ್ಲಿ ಈರುಳ್ಳಿ ಕೀಳುವಾಗ, ತರೀಕೆರೆಯಲ್ಲಿ ಅಡಿಕೆ ಸುಲಿಯುವಾಗ ಯಾವ ಮಕ್ಕಳ ಹೆಸರಿನ ಮುಂದೆ ಗೈರು ಬೀಳುತ್ತದೆ ಎಂದು ನೋಡಿದರೆ ಸಾಕು, ಘಟಕ ಪರೀಕ್ಷೆಯಲ್ಲಿ ಅವರಿಗೆ ಅಂಕ ಯಾಕೆ ಬಂದಿಲ್ಲ ಎಂದು ಕೇಳಬೇಕಾಗುವುದಿಲ್ಲ. ಕ್ರಿಯಾ ಸಂಶೋಧನೆಗೆ ವಿಷಯ ಸಿಗುತ್ತಿಲ್ಲ ಎಂದು ಹಳೆಯ ರೆಕಾರ್ಡ್ ಹುಡುಕುವವರಿಗೆ ನಾನು ಕೊಡುವುದು ಈ ಪುಸ್ತಕವನ್ನೇ.

ಇನ್ನು ಕೆಲಸದ ಮಾತು. 6ರಿಂದ 8ನೇ ತರಗತಿಗೆ ಶಿಕ್ಷಕರಾಗಲು ಬಿ.ಇಡಿ. ಜೊತೆಗೆ ಟಿಇಟಿಯ ಎರಡನೇ ಪತ್ರಿಕೆ ಪಾಸಾಗಬೇಕು. 150 ಅಂಕ, ಸಾಮಾನ್ಯ ವರ್ಗಕ್ಕೆ ಶೇ 60 ಬೇಕು. ಒಮ್ಮೆ ಪಾಸಾದರೆ ಈಗ ಜೀವನಪೂರ್ತಿ ಮಾನ್ಯ. ಆದರೆ ಟಿಇಟಿ ಬರೀ ಅರ್ಹತೆ. ಕೆಲಸಕ್ಕೆ ನೇಮಕಾತಿ ಪರೀಕ್ಷೆ ಬೇರೆ, ಪ್ರೌಢಶಾಲೆಗೆ ಇನ್ನೂ ಬೇರೆ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಪರೀಕ್ಷೆ ನಡೆದು, ಪಟ್ಟಿ ಕೋರ್ಟಿಗೆ ಹೋಗಿ, ಆದೇಶ ಕೈಗೆ ಸಿಗುವಷ್ಟರಲ್ಲಿ ಮರುವರ್ಷ ಬಂದಿತ್ತು. 1ರಿಂದ 5ನೇ ತರಗತಿಗೆ ಬಿ.ಇಡಿ. ಸಲ್ಲುವುದಿಲ್ಲ, ಅದಕ್ಕೆ ಡಿ.ಇಎಲ್.ಇಡಿ. ಬೇಕು ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು. ಪಿಯುಸಿ ಮುಗಿಸಿದವರಿಗೆ ಪದವಿ, ಬಿ.ಇಡಿ. ಎರಡನ್ನೂ ಸೇರಿಸಿದ ನಾಲ್ಕು ವರ್ಷದ ಕೋರ್ಸೂ ಇದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇಂಥ ಕೋರ್ಸಿಗೆ ಹಿಂದಿನಿಂದಲೂ ಹೆಸರಾದದ್ದು.

ಈ ಪರೀಕ್ಷೆಗಳ ನಡುವಿನ ವರ್ಷಗಳಲ್ಲಿ ನಮ್ಮ ಕಡೆಯ ಎಷ್ಟೋ ಜನ ಅತಿಥಿ ಶಿಕ್ಷಕರಾಗಿ ಇರುತ್ತಾರೆ. ಗೌರವಧನ ಕಡಿಮೆ, ಅದೂ ತಡವಾಗಿ ಬರುತ್ತದೆ. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಗೊತ್ತಿರುವುದಿಲ್ಲ. ಮನೆಯವರು ಇದಕ್ಕೂ ಸಿದ್ಧರಿರಬೇಕು.

ಆದ್ದರಿಂದ ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡಿ ಎನ್ನುತ್ತೇನೆ. ಹತ್ತಿರದ ಶಾಲೆಯ ಹೆಡ್‌ಮಾಸ್ಟರನ್ನು ಕೇಳಿಕೊಂಡು ಒಂಬತ್ತನೇ ತರಗತಿಯಲ್ಲಿ ಒಂದು ದಿನ ಕೂತು ಬನ್ನಿ. ಮಕ್ಕಳು ತಪ್ಪು ಉತ್ತರ ಹೇಳಿದಾಗ ಬೇಸರ ಬಂದರೆ ಬೇರೆ ಕೆಲಸ ನೋಡಿಕೊಳ್ಳಿ, ಅದರಲ್ಲಿ ಅವಮಾನವಿಲ್ಲ. ಇವನು ಹೀಗೆ ಯಾಕೆ ಹೇಳಿದ ಎಂದು ಮನೆಗೆ ಹೋದ ಮೇಲೂ ತಲೆ ಕೊರೆಯುತ್ತಿದ್ದರೆ ಅರ್ಜಿ ಹಾಕಿ. ಮಿಕ್ಕಿದ್ದನ್ನು ಎರಡು ವರ್ಷದಲ್ಲಿ ಕಲಿಸಬಹುದು.