ಟಾರು ಮುಗಿದ ಮೇಲಿನ ಹಾದಿ

ಟಾರು ರಸ್ತೆ ಮುಗಿದ ಮೇಲೆಯೂ ಮೋಟಾರನ್ನು ಮುಂದಕ್ಕೆ ನಡೆಸುವುದು ಈಚೆಗೆ ನಮ್ಮ ನಾಡಿನ ಅನುಕೂಲಸ್ಥ ತರುಣರ ಹವ್ಯಾಸಗಳಲ್ಲಿ ಒಂದಾಗಿದೆ. ಅದನ್ನು ಆಫ್‌ರೋಡಿಂಗ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಇದಕ್ಕೊಂದು ಹೆಸರನ್ನು ಟಂಕಿಸುವುದು ನನ್ನಂಥ ಕನ್ನಡ ಅಧ್ಯಾಪಕನಿಗೆ ಕಷ್ಟವೇನೂ ಅಲ್ಲ. ಆದರೆ ಮಲೆನಾಡಿನ ಒಕ್ಕಲು ಮನೆಗಳವರು ಹೆಸರಿನ ಗೊಡವೆಗೇ ಹೋಗದೆ ವರ್ಷದಲ್ಲಿ ನಾಲ್ಕು ತಿಂಗಳು ಇದನ್ನೇ ಮಾಡಿಕೊಂಡು ಬಂದಿದ್ದಾರೆ. ಗೊಬ್ಬರ ಹೋಗುವುದೂ ಅಡಕೆ ಬರುವುದೂ ಬಾಣಂತಿ ಮನೆ ಸೇರುವುದೂ ಆ ಕೆಸರಿನ ಮೇಲೆಯೇ. ಕೆಸರು, ರಾಡಿ, ಗೊಚ್ಚೆ, ಜವುಗು, ಹುದುಲು ಎಂದು ನಮ್ಮ ಭಾಷೆ ಇಷ್ಟೊಂದು ಬಗೆ ಮಾಡಿಟ್ಟಿರುವುದು ಸುಮ್ಮನೆ ಅಲ್ಲ. ರಾಡಿಯಲ್ಲಿ ಗಾಡಿ ಜಾರೀತು, ಹುದುಲಿನಲ್ಲಿ ಇಳಿದೇಹೋದೀತು.

ನನ್ನ ಮಟ್ಟಿಗೆ ಇದು ಹವ್ಯಾಸವಾಗಿ ಬಂದದ್ದಲ್ಲ. ತೀರ್ಥಹಳ್ಳಿಯ ಕಡೆಯ ನಮ್ಮ ಹಳೆಯ ಮನೆಗೂ ಟಾರು ರಸ್ತೆಗೂ ನಡುವೆ ಎರಡು ಕಿಲೋಮೀಟರು ಮಣ್ಣಿನ ಹಾದಿಯುಂಟು. ಅದರಲ್ಲಿ ಒಂದು ಹಳ್ಳ, ಒಂದು ಕಡಿದಾದ ಏರು. ಎಂಬತ್ತು ದಾಟಿದ ಅಪ್ಪಯ್ಯ ತೋಟ ಬಿಟ್ಟು ಪೇಟೆಗೆ ಬರಲೊಲ್ಲರು. ಅವರ ಮೂತ್ರಪಿಂಡಗಳು ಕೆಟ್ಟಿರುವುದರಿಂದ ರಕ್ತಶುದ್ಧಿಗೆಂದು ವಾರಕ್ಕೆರಡು ಸಲ ಪೇಟೆಯ ಆಸ್ಪತ್ರೆಗೆ ಹೋಗಲೇಬೇಕು. ಆಷಾಢದ ಮಳೆ ಹಿಡಿದರೆ ಬಾಡಿಗೆ ಕಾರಿನವರು ಟಾರಿನ ಅಂಚಿನಲ್ಲೇ ನಿಲ್ಲುತ್ತಾರೆ; ಅವರನ್ನು ದೂರುವಂತಿಲ್ಲ. ಕಂಬಳಿಯ ಜೋಲಿಯಲ್ಲಿ ಹೊತ್ತು ತರೋಣವೆಂದರೆ ಊರಿನಲ್ಲಿ ಹೆಗಲು ಕೊಡುವ ಪ್ರಾಯದವರು ಉಳಿದಿಲ್ಲ. ಮಗಳ ಕಾಲೇಜು ಶುಲ್ಕ ಕಳೆದು ಉಳಿದ ಹಣದಲ್ಲಿ, ರೋಗಿಗೂ ಆಗಿ ತೋಟಕ್ಕೂ ಒದಗುವಂಥ ಗಾಡಿ ಬೇಕಾಗಿತ್ತು. ಹೀಗೆ ಎರಡು ಸಾಲು ಆಸನದ, ನಾಲ್ಕೂ ಚಕ್ರಕ್ಕೆ ಬಲ ಹೋಗುವ, ಕೈಬದಲಾದ ಬೊಲೆರೊ ಕ್ಯಾಂಪರ್ ಒಂದು ನಮ್ಮ ಅಂಗಳಕ್ಕೆ ಬಂದಿತು.

ಹಳೆಯ ಗಾಡಿ ಕೊಳ್ಳುವವರು ಅದರ ಬಣ್ಣವನ್ನು ನೋಡುವ ಬದಲು ಕೆಳಗೆ ನುಸುಳಿ ನೋಡತಕ್ಕದ್ದು. ಚಾಸಿಗೆ ತುಕ್ಕು ಹಿಡಿದಿದೆಯೆ, ಸ್ಪ್ರಿಂಗ್ ಪ್ಲೇಟು ಬಿರಿದಿದೆಯೆ, ಚಕ್ರದ ಗುಂಬದಿಂದ ಎಣ್ಣೆ ಜಿನುಗುತ್ತಿದೆಯೆ? ಕರಾವಳಿಯಲ್ಲಿ ದುಡಿದ ಗಾಡಿಯಾದರೆ ಉಪ್ಪುಗಾಳಿಯ ತುಕ್ಕನ್ನು ಎರಡು ಸಲ ಹುಡುಕಬೇಕು. ನಾಲ್ಕು ಚಕ್ರದ ಗೇರನ್ನು ಸಡಿಲ ಮಣ್ಣಿನ ಮೇಲೆ ಹಾಕಿಸಿ ಪರೀಕ್ಷಿಸಬೇಕು. ಈ ಬಗೆಯ ಗಾಡಿಯಲ್ಲಿ ಒಣ ಟಾರಿನ ಮೇಲೆ ಅದನ್ನು ಬಳಸಲಾಗದು. ತಿರುವಿನಲ್ಲಿ ಮುಂದಿನ ಚಕ್ರಗಳೂ ಹಿಂದಿನವೂ ಕ್ರಮಿಸುವ ದೂರ ಬೇರೆಬೇರೆ. ಸಡಿಲ ನೆಲವಾದರೆ ಚಕ್ರ ಕೊಂಚ ಜಾರಿ ಸರಿಹೋಗುತ್ತದೆ, ಟಾರಿನ ಮೇಲೆ ಆ ತಿರುಚು ಒಳಗಿನ ಹಲ್ಲುಚಕ್ರಗಳ ಮೇಲೆ ಬೀಳುತ್ತದೆ.

ಕೊಂಡಮೇಲೆ ಕೈಯಲ್ಲಿ ಉಳಿದ ಹಣ ಎಲ್ಲಿಗೆ ಹೋಗಬೇಕು? ಅಂಗಡಿಗಳಲ್ಲಿ ತೂಗಿಬಿಟ್ಟಿರುವ ದೀಪಮಾಲೆಗಳಿಗೂ ಕಬ್ಬಿಣದ ಕೊಂಬುಗಳಿಗೂ ಅಲ್ಲ. ಬಂಪರಿನ ಮುಂದೆ ಹಾಕುವ ಕಬ್ಬಿಣದ ಕಟಕಟೆಯನ್ನಂತೂ 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವೇ ನಿಷೇಧಿಸಿ, ನಮ್ಮಂಥ ಬಡ ಅಧ್ಯಾಪಕರ ಹಣ ಉಳಿಸಿತು. ಖರ್ಚು ಮಾಡಬೇಕಾದದ್ದು ಟಯರಿಗೆ. ಕಂಪೆನಿ ಹೇಳಿದ ಅಳತೆಯದೇ, ಒಡಕು ಒಡಕಾದ ಅಚ್ಚಿನ, ಎಲ್ಲ ನೆಲಕ್ಕೂ ಒಗ್ಗುವ ಟಯರು ಸಾಕು. ಬರಿಯ ಕೆಸರಿಗೆಂದೇ ಮಾಡಿದ ದಪ್ಪ ಗಡ್ಡೆಯ ಟಯರು ಟಾರಿನ ಮೇಲೆ ಗೋಳಿಡುತ್ತದೆ. ಒದ್ದೆ ಟಾರಿನಲ್ಲಿ ಹಿಡಿತವೂ ಕಡಿಮೆ.

ಇನ್ನೊಂದು ಉಪಾಯಕ್ಕೆ ದುಡ್ಡೇ ಬೇಡ: ಗಾಳಿ ಇಳಿಸುವುದು. ಮಾಮೂಲು ಒತ್ತಡದ ಮೂರನೆಯ ಒಂದು ಪಾಲು ಇಳಿಸಿದರೆ ಟಯರು ಮೈಚೆಲ್ಲಿ ನೆಲವನ್ನು ಹೆಚ್ಚು ಉದ್ದಕ್ಕೆ ಅಪ್ಪಿಕೊಳ್ಳುತ್ತದೆ. ಆಗ ನಿಧಾನವಾಗಿ ಹೋಗಬೇಕು, ಟಾರು ಸೇರುವ ಮುನ್ನ ಮತ್ತೆ ತುಂಬಬೇಕು. ಇಲ್ಲವಾದರೆ ವೇಗದಲ್ಲಿ ಟಯರು ಕಾದು ಸಿಡಿದೀತು. ಪಿಕಪ್ಪಿಗೆ ಹುಟ್ಟಿನಿಂದ ಬಂದ ದೋಷವೂ ಒಂದುಂಟು. ಯಂತ್ರದ ಭಾರವೆಲ್ಲ ಮುಂದೆ, ಹಿಂಬದಿಯ ಬಾಡಿ ಖಾಲಿ. ಏರಿನಲ್ಲಿ ಹಿಂದಿನ ಚಕ್ರ ಸುಮ್ಮನೆ ಗಿರಕಿ ಹೊಡೆಯುತ್ತದೆ. ಹಿಂದಿನ ಅಚ್ಚುಮರದ ನೇರಕ್ಕೆ ಎರಡು ಮೂಟೆ ಮರಳು ಹೇರಿ, ಜರುಗದಂತೆ ಬಿಗಿದರೆ ಆ ದೋಷ ಬಹುಮಟ್ಟಿಗೆ ಕಳೆಯುತ್ತದೆ. ನಮ್ಮ ಗಾಡಿಯಲ್ಲಿ ಮಳೆಗಾಲವೆಲ್ಲ ಆ ಮೂಟೆಗಳೂ ಪ್ರಯಾಣಿಕರೇ.

ಓಡಿಸುವ ಕ್ರಮವನ್ನು ನಾನು ಕಲಿತದ್ದು ಕೊಡಚಾದ್ರಿಯ ಜೀಪಿನವರಿಂದ. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ಹುಟ್ಟಿದ ಜೀಪು, ಯುದ್ಧ ಮುಗಿದಮೇಲೆ ಮಹೀಂದ್ರ ಕಂಪೆನಿಯವರ ಕೈಯಲ್ಲಿ ನಮ್ಮ ದೇಶದ್ದಾಗಿ, ಕಾಫಿ ತೋಟಗಳನ್ನೂ ಬೆಟ್ಟಗಳನ್ನೂ ಹತ್ತಿತಷ್ಟೆ. ಅದರ ವಂಶದ ಗಾಡಿಗಳು ಆ 1,343 ಮೀಟರಿನ ಬೆಟ್ಟದ ಹಾದಿಯಲ್ಲಿ ಯಾತ್ರಿಕರನ್ನು ಹೊತ್ತೊಯ್ಯುತ್ತವೆ. ಬಾಡಿಗೆ ಕೊಟ್ಟು ಎರಡು ಸಲ ಮುಂದಿನ ಆಸನದಲ್ಲಿ ಕೂತು ಹೋದೆ. ಬೆಟ್ಟ ನೋಡಲಿಕ್ಕಲ್ಲ, ಚಾಲಕರ ಕಾಲು ನೋಡಲಿಕ್ಕೆ. ಇಳಿಜಾರಿನಲ್ಲಿ ಅವರ ಎಡಗಾಲು ಕ್ಲಚ್ಚಿನ ಹತ್ತಿರ ಸುಳಿಯಲಿಲ್ಲ. ಗಾಡಿ ಒಂದನೆಯ ಗೇರಿನಲ್ಲಿ ತಾನೇ ತನ್ನನ್ನು ಹಿಡಿದುಕೊಂಡು ಇಳಿಯಿತು. ಕೊರಕಲು ಬಂದಲ್ಲಿ ಚಕ್ರವನ್ನು ಅದರೊಳಗೆ ಬಿಡದೆ ದಿಣ್ಣೆಯ ಮೇಲಿಟ್ಟು ಹೋದರು. ಏರಿನಲ್ಲಿ ಗಾಡಿ ನಿಂತುಹೋದರೆ ಅಡ್ಡ ತಿರುಗಿಸುವ ಯೋಚನೆಯೇ ಕೂಡದು, ಮಗುಚೀತು. ಹಿಂದಿನ ಗೇರು ಹಾಕಿ ಬಂದ ಜಾಡಿನಲ್ಲೇ ನೇರವಾಗಿ ಇಳಿಯಬೇಕು ಎಂದರು. ನಮ್ಮ ಊರಿನ ಹಳ್ಳದ ವಿಷಯ ತೆಗೆದಾಗ ಅವರು ಕೊಟ್ಟ ಉತ್ತರ ಇದು:

“ಇಳ್ದು ಒಂದ್ಸಲ ನಡ್ದು ನೋಡ್ಕಂಡು ಬನ್ನಿ ಮೇಷ್ಟ್ರೆ. ಪಂಚೆ ಎಷ್ಟು ಒದ್ದೆ ಆಗ್ತದೆ ಅಂತ ನೋಡಿ, ಆಮೇಲೆ ಗಾಡಿ ಮಾತು.”

ಹಳ್ಳದ ವಿಷಯವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ಮನುಷ್ಯ ಕಾಲೂರಿ ನಿಲ್ಲಲಾಗದ ಸೆಳವಿನಲ್ಲಿ ಗಾಡಿಯೂ ನಿಲ್ಲದು. ಯಂತ್ರ ಉಸಿರೆಳೆಯುವ ಬಾಯಿಗೆ ನೀರು ಹೊಕ್ಕರೆ ಕಥೆ ಮುಗಿಯಿತು. ನೀರು ಗಾಳಿಯಂತೆ ಒತ್ತಿದರೆ ಕುಗ್ಗುವ ವಸ್ತುವಲ್ಲ, ಅದಕ್ಕೆ ಬಡಿದ ಪಿಸ್ಟನ್ನಿನ ರಾಡೇ ಬಾಗುತ್ತದೆ. ಆದ್ದರಿಂದ ನೀರಿನ ನಡುವೆ ಗಾಡಿ ನಿಂತರೆ ಮತ್ತೆ ಚಾಲೂ ಮಾಡಲು ಹೋಗಲೇಬಾರದು. ನಮ್ಮ ಹಳ್ಳದ ದಡದ ಬಂಡೆಗೆ ಬಿಳಿಯ ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದೇನೆ. ನೀರು ಗೆರೆ ಮುಟ್ಟಿದರೆ ಗಾಡಿ ಇಳಿಸುವುದಿಲ್ಲ. ಕಳೆದ ಶ್ರಾವಣದಲ್ಲಿ ಹಾಗೆ ಮುಟ್ಟಿತು. ಅದೂ ಆಸ್ಪತ್ರೆಯ ದಿನವೇ. ಅಪ್ಪಯ್ಯನ ಕಾಲು ಬಾತಿತ್ತು, ಉಸಿರು ಸಣ್ಣಗೆ ಏಳುತ್ತಿತ್ತು. ನಾಲ್ಕು ತಾಸು ಗಾಡಿಯೊಳಗೆ ಕೂತೆವು. ಅವರು ಒಮ್ಮೆಯೂ ಅವಸರಪಡಿಸಲಿಲ್ಲ. “ಹಳ್ಳ ಅದರ ಹೊತ್ತಿಗೆ ಇಳಿತದೆ, ನೀನು ಸುಮ್ನೆ ಕೂತ್ಕ” ಎಂದು ಕಣ್ಣುಮುಚ್ಚಿದರು. ಗೆರೆಯ ಕೆಳಗೆ ಒಂದು ಗೇಣು ಬಂಡೆ ಕಂಡಮೇಲೆ ದಾಟಿದೆವು. ಆಸ್ಪತ್ರೆಯಲ್ಲಿ ಕೊನೆಯ ಸರದಿ ಸಿಕ್ಕಿತು.

ಗಾಡಿ ಹೂತುಕೊಂಡರೆ ಬೇಕಾದ ಸಾಮಗ್ರಿಗಳು ಗುದ್ದಲಿ, ಜಾಕಿನ ಅಡಿಗೆ ದಪ್ಪ ಹಲಗೆ, ಗಾಳಿ ಪಂಪು, ಗಟ್ಟಿ ಎಳೆಹಗ್ಗ, ಎರಡು ಶ್ಯಾಕಲ್; ಎಲ್ಲ ಸೇರಿ ಒಂದು ಹೊಸ ಟಯರಿನ ಬೆಲೆಯ ಆಸುಪಾಸು. ಹಗ್ಗವನ್ನು ಚಾಸಿಯ ಕೊಕ್ಕೆಗಲ್ಲದೆ ಟ್ರೇಲರು ಸಿಕ್ಕಿಸುವ ಗುಂಡಿಗೆ ಕಟ್ಟಬಾರದು. ಬಿಗಿದ ಹಗ್ಗದ ಸೆಳೆತಕ್ಕೆ ಗುಂಡು ಕಿತ್ತು ಬಂದರೆ ಬಂದೂಕಿನ ಗುಂಡಿನಷ್ಟೇ ಅಪಾಯ. ಎಳೆಯುವಾಗ ಹಗ್ಗದ ನಡುವೆ ಒದ್ದೆ ಕಂಬಳಿ ಹೊದಿಸಿ, ನೋಡಲು ನೆರೆದವರನ್ನು ದೂರ ನಿಲ್ಲಿಸಬೇಕು. ನಮ್ಮ ಊರುಗಳಲ್ಲಿ ಈ ಎರಡನೆಯದೇ ಹೆಚ್ಚು ಕಷ್ಟ.

ಬರಿಯ ಸಂತೋಷಕ್ಕಾಗಿ ಹೊರಡುವ ತರುಣರ ಮೇಲೆ ನನಗೆ ಮುನಿಸಿಲ್ಲ. ಕುಯ್ಲು ಮುಗಿದ ಗದ್ದೆ, ಯಜಮಾನರ ಒಪ್ಪಿಗೆ, ಜೊತೆಗೆ ಇನ್ನೊಂದು ಗಾಡಿ ಇದ್ದರೆ ಕಲಿಯಲು ಅಷ್ಟು ಸಾಕು. ಶೋಲೆಯ ಹುಲ್ಲುಗಾವಲಿಗೆ ಗಾಡಿ ನುಗ್ಗಿಸುವವರ ವಿಷಯ ಬೇರೆ. ಕೊಡಚಾದ್ರಿ ಇರುವುದು ಮೂಕಾಂಬಿಕಾ ವನ್ಯಧಾಮದಲ್ಲಿ. 1972ರ ವನ್ಯಜೀವಿ ಕಾಯಿದೆ ಅಲ್ಲಿ ಮನಬಂದಂತೆ ಹೋಗಗೊಡದು. ಕಾಯಿದೆಯ ಮಾತು ಹಾಗಿರಲಿ, ಇಳಿಜಾರಿನ ಹುಲ್ಲು ಕಿತ್ತುಹೋದ ಚಕ್ರದ ಜಾಡಿನಲ್ಲಿ ಮೊದಲ ಮಳೆಗೆ ನೀರು ಹರಿಯುತ್ತದೆ. ಕೆಲವು ಮಳೆಗಾಲ ಕಳೆದರೆ ಅದೇ ಕೊರಕಲು. ಅಲ್ಲಿಂದ ಹೊರಟ ಮಣ್ಣು ಬಂದು ಸೇರುವುದು ನಮ್ಮಂಥವರ ಹಳ್ಳಕ್ಕೇ.

ಆಳದ ನೀರು ದಾಟಿದ ಮೇಲೆ ಅಚ್ಚುಮರದ ಎಣ್ಣೆಯನ್ನು ನೋಡಿಸುವುದನ್ನು ಮರೆಯಕೂಡದು. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದು ಅರ್ಥ, ಕೂಡಲೇ ಬದಲಿಸಬೇಕು. ಶ್ರಾವಣದ ಆ ದಿನದ ಮರುದಿನವೇ ತೆಗೆಸಿ ನೋಡಿದೆ. ನಮ್ಮದು ತಿಳಿಯಾಗಿಯೇ ಇತ್ತು.